ಬಾಲ್‌ರೂಮ್ ಡ್ಯಾನ್ಸ್ ಕಲಿಸಿ, ಜೊತೆಗೆ ‘ಬೇಡ’ ಅನ್ನೋದನ್ನೂ ಕಲಿಸಿ

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ಮಕ್ಕಳ ಬೇಸಿಗೆ ಶಿಬಿರದಲ್ಲಿ ಎಟಿಕೆಟ್ (ಅಂದರೆ ನಾಲ್ಕು ಜನರ ನಡುವಿನ ನಡವಳಿಕೆ) ಮತ್ತು ಬಾಲ್‌ರೂಮ್ ಡ್ಯಾನ್ಸ್ ಹೇಳಿಕೊಡುತ್ತಾರಂತೆ ಎಂದು ಓದುಗರೊಬ್ಬರು ಸಿಟ್ಟಿನಿಂದ ಬರೆದ ಪತ್ರವನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಹನ್ನೆರಡು ವರ್ಷದ ಹುಡುಗ ಹುಡುಗಿಯರು ಕೈ ಕೈ ಹಿಡಿದು ಕುಣಿಯುವುದು ಯಾವ ಸಂಸ್ಕೃತಿ, ಫೋರ್ಕು ಹಿಡಿಯೋದಕ್ಕೂ ದುಡ್ಡು ಕೊಟ್ಟು ಕಲಿಯಬೇಕಾ ಅಂತ ಅವರ ಪ್ರಶ್ನೆ. ಆಮೇಲೆ ಇನ್ನೊಬ್ಬರು, ಈಗಿನ ಕಾಲಕ್ಕೆ ಇದೆಲ್ಲ ಬೇಕೇ ಬೇಕು, ಇಲ್ಲದಿದ್ದರೆ ನಮ್ಮ ಮಕ್ಕಳು ಹಿಂದೆ ಬೀಳುತ್ತಾರೆ ಎಂದು ಉತ್ತರ ಕೊಟ್ಟಿದ್ದರು. ಇಬ್ಬರೂ ಇಂಥ ಕ್ಲಾಸನ್ನು ಹತ್ತಿರದಿಂದ ನೋಡಿದ ಹಾಗೆ ಕಾಣಲಿಲ್ಲ. ನಾನು ನೋಡಿದ್ದೇನೆ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಬಹುದು, ಕತ್ತರಿ ಹೇಗೂ ನಿಮ್ಮ ಕೈಯಲ್ಲೇ ಇದೆ.

ನಾನಿರುವುದು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ, ರಾಲಿ ಪಕ್ಕದ ಕ್ಯಾರಿ ಎಂಬ ಊರಿನಲ್ಲಿ. ಹುಟ್ಟೂರು ಶಿವಮೊಗ್ಗ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕೊಟಿಲಿಯನ್ ಅಂತ ಒಂದು ಪದ್ಧತಿ ಇದೆ. ಆರರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಸಾಮಾನ್ಯವಾಗಿ ತಿಂಗಳಿಗೊಂದು ಸಂಜೆ ಕ್ಲಾಸು ಇರುತ್ತದೆ. ಹುಡುಗರಿಗೆ ಕೋಟು, ಟೈ. ಹುಡುಗಿಯರಿಗೆ ಫ್ರಾಕು, ಬಹಳ ಕಡೆ ಬಿಳಿ ಗ್ಲೌಸು ಕೂಡ. ಅರ್ಧ ಹೊತ್ತು ನಡವಳಿಕೆಯ ಪಾಠ, ಇನ್ನರ್ಧ ಹೊತ್ತು ಡ್ಯಾನ್ಸು, ವರ್ಷದ ಕೊನೆಗೆ ಒಂದು ದೊಡ್ಡ ಬಾಲ್, ಅಂದರೆ ಎಲ್ಲರೂ ಸೇರಿ ಕುಣಿಯುವ ಸಮಾರಂಭ. 18ನೇ ಶತಮಾನದಲ್ಲಿ ಫ್ರಾನ್ಸಿನಿಂದ ಬಂದ ಒಂದು ಗುಂಪು ನೃತ್ಯದ ಹೆಸರು ಇಲ್ಲಿ ಹೀಗೆ ಮಕ್ಕಳ ಕ್ಲಾಸಿಗೆ ಅಂಟಿಕೊಂಡಿದೆ. 1979ರಲ್ಲಿ ನಮ್ಮದೇ ರಾಜ್ಯದ ಲಿಂಕನ್‌ಟನ್ ಎಂಬ ಸಣ್ಣ ಊರಿನಲ್ಲಿ ಆನ್ ವಿಂಟರ್ಸ್ ಎನ್ನುವವರು ಶುರು ಮಾಡಿದ ಕ್ಲಾಸು ಮುಂದೆ ನ್ಯಾಷನಲ್ ಲೀಗ್ ಆಫ್ ಜೂನಿಯರ್ ಕೊಟಿಲಿಯನ್ಸ್ ಎಂಬ ಸಂಸ್ಥೆಯಾಗಿ ಬೆಳೆಯಿತು. ಈಗ ಅದರ ಶಾಖೆಗಳು ಹತ್ತಾರು ರಾಜ್ಯಗಳಲ್ಲಿವೆ. ಅದಲ್ಲದೆ ಊರೂರಿನಲ್ಲಿ ಬೇರೆ ಬೇರೆಯವರು ನಡೆಸುವ ಕ್ಲಾಸುಗಳೂ ಇವೆ. ನನ್ನ ಮಗಳು, ಮಗ ಹೋಗಿದ್ದು ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲು ಒಳಗೆ ಏನು ನಡೆಯುತ್ತದೆ ಹೇಳುತ್ತೇನೆ, ಯಾಕೆಂದರೆ ಸಿಟ್ಟಾದ ಓದುಗರು ಬೇರೇನೋ ಊಹೆ ಮಾಡಿಕೊಂಡಿದ್ದಾರೆ. ಹಾಲಿನ ಒಂದು ಗೋಡೆಗೆ ಹುಡುಗರು, ಎದುರಿನ ಗೋಡೆಗೆ ಹುಡುಗಿಯರು ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ನಡುವೆ ಖಾಲಿ ನೆಲ. ಮಾಸ್ಟರು ಹೇಳಿದ ತಕ್ಷಣ ಹುಡುಗ ಎದ್ದು ಆ ನೆಲ ದಾಟಬೇಕು. ಓಡಬಾರದು, ಜಾರಬಾರದು, ಗೆಳೆಯನನ್ನು ತಳ್ಳಿಕೊಂಡು ಹೋಗಬಾರದು. ಒಂದು ತೋಳಿನಷ್ಟು ದೂರದಲ್ಲಿ ನಿಂತು, ಮುಖ ನೋಡಿ, ‘ಮೇ ಐ ಹ್ಯಾವ್ ದಿಸ್ ಡ್ಯಾನ್ಸ್?’ ಅನ್ನಬೇಕು. ಇಷ್ಟೇ. ಆದರೆ ಹನ್ನೊಂದು ವರ್ಷದ ಹುಡುಗನಿಗೆ ಆ ಖಾಲಿ ನೆಲ ಜೋಗದ ಕಂದಕದ ಹಾಗೆ ಕಾಣುತ್ತದೆ. ಮೊದಲ ದಿನ ನನ್ನ ಮಗ ಶರ್ಟಿನ ತೋಳನ್ನು ಅಂಗೈ ತನಕ ಎಳೆದುಕೊಂಡು, ಬಟ್ಟೆಯಿಂದಲೇ ಆ ಹುಡುಗಿಯ ಕೈ ಹಿಡಿದಿದ್ದ. ಅವಳು ಗ್ಲೌಸು ಹಾಕಿದ್ದಳು. ಒಟ್ಟಿನಲ್ಲಿ ಚರ್ಮಕ್ಕೆ ಚರ್ಮ ತಾಗಲೇ ಇಲ್ಲ. ಸಂಸ್ಕೃತಿಯ ಚಿಂತೆ ಇರುವವರು ಅಷ್ಟರ ಮಟ್ಟಿಗೆ ನಿಶ್ಚಿಂತೆಯಿಂದ ಇರಬಹುದು. ಅಂದ ಹಾಗೆ ಆ ಗ್ಲೌಸಿನಿಂದ ಒಂದು ಉಪಯೋಗ ಇದ್ದೇ ಇದೆ. ಆ ವಯಸ್ಸಿನ ಹುಡುಗರ ಅಂಗೈ ಬೆವರುವುದು ಅಷ್ಟಿಷ್ಟಲ್ಲ.

ಆಮೇಲೆ ಹಿಡಿತ. ಹುಡುಗನ ಬಲಗೈ ಹುಡುಗಿಯ ಬೆನ್ನಿನ ಮೇಲ್ಭಾಗದಲ್ಲಿ, ಭುಜದ ಮೂಳೆಯ ಕೆಳಗೆ. ಅವಳ ಎಡಗೈ ಅವನ ತೋಳಿನ ಮೇಲೆ. ಮೊಣಕೈ ಇಳಿಬಿಡಬಾರದು. ಇಬ್ಬರ ನಡುವೆ ಜಾಗ ಬೇಕು, ಅದನ್ನು ಮಾಸ್ಟರು ಸುತ್ತು ಹಾಕಿ ನೋಡುತ್ತಲೇ ಇರುತ್ತಾರೆ. ವಾಲ್ಟ್ಸ್ ಅನ್ನುವ ಜೋಡಿ ನೃತ್ಯಕ್ಕೆ ಚೌಕದ ಹೆಜ್ಜೆ: ಎಡಗಾಲು ಮುಂದೆ, ಬಲಗಾಲು ಪಕ್ಕಕ್ಕೆ, ಎಡಗಾಲು ಸೇರಿಸು; ಬಲಗಾಲು ಹಿಂದೆ, ಎಡಗಾಲು ಪಕ್ಕಕ್ಕೆ, ಬಲಗಾಲು ಸೇರಿಸು. ಲೆಕ್ಕ ಒಂದು ಎರಡು ಮೂರು. ಉಳಿದ ಮಕ್ಕಳೆಲ್ಲ ಇದಕ್ಕೆ ಒದ್ದಾಡುತ್ತಿದ್ದರೆ ನನ್ನ ಮಗಳು ಎರಡೇ ನಿಮಿಷದಲ್ಲಿ ಹಿಡಿದುಬಿಟ್ಟಳು. ಹೇಗೆ ಗೊತ್ತಾ? ಭರತನಾಟ್ಯದ ಕ್ಲಾಸಿನಲ್ಲಿ ವರ್ಷಗಟ್ಟಲೆ ತಕಿಟ ತಕಿಟ ಅಂತ ನೆಲ ತಟ್ಟಿದ್ದಳಲ್ಲ, ಅದೇ ಮೂರು. ಅವಳ ಜೊತೆಗಾರ ಪಾಪ, ಅವಳು ಬಾಯಲ್ಲಿ ‘ತಕಿಟ’ ಅನ್ನುತ್ತಿದ್ದದ್ದನ್ನು ಕೇಳಿಕೊಂಡೇ ಹೆಜ್ಜೆ ಹಾಕಿದ. ಫಾಕ್ಸ್‌ಟ್ರಾಟ್ ಅನ್ನುವ ಇನ್ನೊಂದು ಜೋಡಿ ನೃತ್ಯದಲ್ಲಿ ಮಾತ್ರ ಅವಳ ಆಟ ನಡೆಯಲಿಲ್ಲ. ನಿಧಾನ, ನಿಧಾನ, ಬೇಗ, ಬೇಗ ಅನ್ನುವ ಆ ಲೆಕ್ಕ ಕಾಲಿಗಿಂತ ಮೊದಲು ತಲೆ ಕೆಡಿಸುತ್ತದೆ.

ಇನ್ನು ಕ್ಯಾರೊಲಿನಾದ ಮಕ್ಕಳಿಗೆ ಶ್ಯಾಗ್ ಕಲಿಸದೆ ಬಿಡುವುದಿಲ್ಲ. ಇದು ಇಲ್ಲಿನ ಸಮುದ್ರ ದಂಡೆಯಲ್ಲಿ, ಮರ್ಟಲ್ ಬೀಚ್ ಕಡೆ ಬೆಳೆದ ನೃತ್ಯ. ಮೈ ಮೇಲ್ಭಾಗ ಆರಾಮಾಗಿರುತ್ತದೆ, ಕೆಲಸ ಎಲ್ಲ ಮೊಣಕಾಲಿನ ಕೆಳಗೆ. ಸೌತ್ ಕ್ಯಾರೊಲಿನಾ 1984ರಲ್ಲಿ ಇದನ್ನು ರಾಜ್ಯದ ನೃತ್ಯ ಎಂದು ಘೋಷಿಸಿತು, ನಾರ್ತ್ ಕ್ಯಾರೊಲಿನಾ 2005ರಲ್ಲಿ. ನನಗೆ ಈ ಪಟ್ಟಿಯಲ್ಲಿ ಇಷ್ಟವಾದದ್ದು ಇದೇ, ಯಾಕೆಂದರೆ ಇದರಲ್ಲಿ ದೊಡ್ಡಸ್ತಿಕೆ ಇಲ್ಲ. ಚಪ್ಪಲಿ ಹಾಕಿಕೊಂಡು ಮರಳ ಪಕ್ಕದಲ್ಲಿ ಕುಣಿದವರ ನೃತ್ಯ ಅದು.

ಫೋರ್ಕಿನ ವಿಷಯಕ್ಕೆ ಬರುತ್ತೇನೆ. ಹೊರಗಿನ ಫೋರ್ಕಿನಿಂದ ಶುರು ಮಾಡಿ ಒಳಗೆ ಬನ್ನಿ. ಬ್ರೆಡ್ಡು ಎಡಕ್ಕೆ, ನೀರು ಬಲಕ್ಕೆ. ನ್ಯಾಪ್ಕಿನ್ ತೊಡೆ ಮೇಲೆ. ಮುಗೀತು. ಒಂದು ಸಂಜೆಯ ಕೆಲಸ, ಅದಕ್ಕೆ ಶಿಬಿರ ಬೇಕಿಲ್ಲ. ಆದರೆ ನಡವಳಿಕೆಯನ್ನು ಕೂರಿಸಿ ಕಲಿಸಬೇಕಾ ಅನ್ನುವ ಪ್ರಶ್ನೆಗೆ ನನ್ನ ಉತ್ತರ ಹೌದು. ಎಲ್ಲ ಊರಿನಲ್ಲೂ ಕಲಿಸಿಯೇ ಬಂದಿದೆ. ಈ ದೇಶದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಹುಡುಗನಾಗಿದ್ದಾಗ ನಡವಳಿಕೆಯ 110 ನಿಯಮಗಳನ್ನು ಕೈಯಾರೆ ಕಾಪಿ ಬರೆದಿದ್ದ, ಆ ಹಾಳೆಗಳು ಇವತ್ತಿಗೂ ಉಳಿದಿವೆ. ಅದರ ಮೂಲ 16ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಜೆಸ್ಯುಯಿಟ್ ಪಾದ್ರಿಗಳು ಬರೆದದ್ದು. ಬೆಂಕಿಗೆ ಉಗುಳಬೇಡ, ಬಾಯಲ್ಲಿ ತುತ್ತು ಇಟ್ಟುಕೊಂಡು ಮಾತಾಡಬೇಡ ಅಂತ ಅದರಲ್ಲಿದೆ. ನಮ್ಮಜ್ಜಿ ಜೆಸ್ಯುಯಿಟ್ ಪಾದ್ರಿಗಳನ್ನು ಕಂಡವರಲ್ಲ, ಆದರೆ ಈ ಎರಡೂ ನಿಯಮಗಳನ್ನು ನಮ್ಮ ಮನೆಯಲ್ಲಿ ಬೈಗುಳದ ರೂಪದಲ್ಲಿ ಜಾರಿಗೆ ತಂದಿದ್ದರು. ಪಂಕ್ತಿಯಲ್ಲಿ ಪಕ್ಕದವರ ಊಟ ಮುಗಿಯುವ ಮುಂಚೆ ಎದ್ದರೆ ಆಮೇಲೆ ನಮಗೆ ಮಂಗಳಾರತಿ. ಅದೂ ಎಟಿಕೆಟ್ಟೇ ಅಲ್ವಾ? ಆಗ ಕಲಿಸೋದಕ್ಕೆ ಮನೆ ತುಂಬ ದೊಡ್ಡವರಿದ್ದರು, ಫೀಸು ಇರಲಿಲ್ಲ, ಅಷ್ಟೇ ವ್ಯತ್ಯಾಸ. ಮೂರು ಜನರ ಮನೆಯಲ್ಲಿ, ಎಲ್ಲರ ಕೈಯಲ್ಲೂ ಫೋನ್ ಇರುವಾಗ ಯಾರು ಯಾರಿಗೆ ಕಲಿಸುತ್ತಾರೆ ಹೇಳಿ.

ಕ್ಲಾಸಿನಲ್ಲಿ ನನ್ನ ಮಕ್ಕಳು ನಿಜವಾಗಿ ಕಲಿತದ್ದು ಸಣ್ಣ ಸಣ್ಣ ವಿಷಯ. ಗೊತ್ತಿಲ್ಲದವರ ಹತ್ತಿರ ಹೋಗಿ ಹೆಸರು ಹೇಳುವುದು. ಅವರ ಹೆಸರು ಕೇಳಿ ನೆನಪಿಟ್ಟುಕೊಳ್ಳುವುದು. ಡ್ಯಾನ್ಸು ಮುಗಿದ ಮೇಲೆ ಜೊತೆಗಾರರನ್ನು ನಡುನೀರಿನಲ್ಲಿ ಬಿಟ್ಟು ಬರದೆ ಕುರ್ಚಿಯ ತನಕ ಕರೆದುಕೊಂಡು ಹೋಗಿ ಥ್ಯಾಂಕ್ಸ್ ಹೇಳುವುದು. ಜೊತೆಗಾರರು ಕಾಲು ತುಳಿದರೆ ಮುಖ ಕಿವುಚದೆ ಇರುವುದು. ಎರಡು ಮೂರು ನಿಮಿಷಕ್ಕೊಮ್ಮೆ ಜೋಡಿ ಬದಲಾಗುತ್ತದೆ, ಆದ್ದರಿಂದ ಕ್ಲಾಸಿನಲ್ಲಿ ಯಾರೂ ಮಾತಾಡಿಸದ ದಪ್ಪ ಕನ್ನಡಕದ ಹುಡುಗನೂ, ಎಲ್ಲರಿಗಿಂತ ಒಂದು ಮೊಳ ಉದ್ದದ ಹುಡುಗಿಯೂ ಆ ಸಂಜೆ ಹತ್ತು ಹದಿನೈದು ಜನರ ಜೊತೆ ಮಾತಾಡಿರುತ್ತಾರೆ. ನನಗೆ ಇದು ಸಣ್ಣ ವಿಷಯ ಅನ್ನಿಸಲಿಲ್ಲ.

ಈಗ ನನ್ನ ತಕರಾರು.

ಎರಡನೆಯದೋ ಮೂರನೆಯದೋ ಕ್ಲಾಸಿನಿಂದ ಮಗಳು ಮುಖ ಊದಿಸಿಕೊಂಡು ಬಂದಳು. ಒಬ್ಬ ಹುಡುಗ ಹಿಂದಿನ ಸಲ ಅವಳ ಕೈಯನ್ನು ಬೇಕೆಂದೇ ಹಿಚುಕಿದ್ದನಂತೆ. ಈ ಸಲ ಅವನೇ ಬಂದು ಕೇಳಿದಾಗ ಇವಳು ಬೇಡ ಅಂದಿದ್ದಾಳೆ. ಅಲ್ಲಿದ್ದ ಮೇಡಮ್ಮು ಅವಳನ್ನು ಪಕ್ಕಕ್ಕೆ ಕರೆದು, ‘ಒಳ್ಳೆಯ ಹುಡುಗಿಯರು ಕೇಳಿದವರಿಗೆ ಇಲ್ಲ ಅನ್ನುವುದಿಲ್ಲ, ಅವನು ಅಷ್ಟು ಧೈರ್ಯ ಮಾಡಿ ಬಂದಿದ್ದಾನೆ’ ಅಂದಿದ್ದಾರೆ. ನಾನು ಹೋಗಿ ಕೇಳಿದೆ. ಅವರು ನಗುತ್ತಲೇ, ಬಹಳ ಮರ್ಯಾದೆಯಿಂದ (ಎಟಿಕೆಟ್ ಮೇಡಮ್ಮಲ್ಲವೇ), ಇದು ಹಳೇ ಕಾಲದಿಂದ ಬಂದ ನಿಯಮ, ಹುಡುಗರ ಮನಸ್ಸಿಗೆ ನೋವಾಗಬಾರದು ಅಂದರು. ಹುಡುಗಿಯ ಕೈಗೆ ನೋವಾದದ್ದಕ್ಕೆ ಅವರ ಹತ್ತಿರ ನಿಯಮ ಇರಲಿಲ್ಲ.

ಇದು ನಮ್ಮೊಬ್ಬರ ಕಥೆ ಅಲ್ಲ. 2018ರ ಫೆಬ್ರವರಿಯಲ್ಲಿ ಯೂಟಾ ರಾಜ್ಯದ ಒಂದು ಸರ್ಕಾರಿ ಶಾಲೆಯಲ್ಲಿ ಆರನೇ ಕ್ಲಾಸಿನ ಮಕ್ಕಳಿಗೆ ವ್ಯಾಲೆಂಟೈನ್ಸ್ ಡೇ ಡ್ಯಾನ್ಸು ಇಟ್ಟಿದ್ದರು. ಯಾರಾದರೂ ಕೇಳಿದರೆ ಹೂಂ ಅನ್ನಲೇಬೇಕು ಅಂತ ಮಕ್ಕಳಿಗೆ ಹೇಳಿದ್ದರು. ಯಾರನ್ನೂ ಹೊರಗಿಡಬಾರದು ಎಂಬ ಒಳ್ಳೆಯ ಉದ್ದೇಶಕ್ಕೇ ಮಾಡಿದ್ದು, ಅನುಮಾನವಿಲ್ಲ. ಒಬ್ಬ ತಾಯಿ ಇದು ತಪ್ಪು ಎಂದು ಗಲಾಟೆ ಮಾಡಿದರು, ಸುದ್ದಿ ದೇಶದ ತುಂಬ ಹರಡಿತು, ಕೊನೆಗೆ ಶಾಲೆಯವರು ಆ ಮಾತನ್ನು ವಾಪಸ್ ತೆಗೆದುಕೊಂಡರು. ನನ್ನ ಮಟ್ಟಿಗೆ ಆ ತಾಯಿ ನೂರಕ್ಕೆ ನೂರು ಸರಿ. ಕೇಳುವ ಹುಡುಗನಿಗೆ ‘ಬೇಡ’ ಅನ್ನಿಸಿಕೊಂಡು, ‘ಪರವಾಗಿಲ್ಲ, ಥ್ಯಾಂಕ್ಸ್’ ಎಂದು ನಗುಮುಖದಲ್ಲಿ ವಾಪಸ್ ಬರುವುದನ್ನು ಕಲಿಸದಿದ್ದರೆ ಇನ್ನು ಅವನು ಕಲಿತದ್ದಾದರೂ ಏನು? ಹನ್ನೊಂದು ವರ್ಷಕ್ಕೆ ಅದನ್ನು ಕಲಿಯದವನು ಇಪ್ಪತ್ತೊಂದಕ್ಕೆ ಏನು ಮಾಡುತ್ತಾನೆ ಅನ್ನುವುದನ್ನು ನಾವು ನಮ್ಮ ಊರಿನ ಪೇಪರುಗಳಲ್ಲೂ ಓದುತ್ತೇವೆ. ಪ್ರೀತಿ ನಿರಾಕರಿಸಿದ್ದಕ್ಕೆ ಹೀಗೆ ಮಾಡಿದ, ಹಾಗೆ ಮಾಡಿದ ಅಂತ. ಆ ಸುದ್ದಿಗಳನ್ನು ಇಲ್ಲಿ ಬಿಡಿಸಿ ಬರೆಯುವ ಮನಸ್ಸಿಲ್ಲ. ಹುಡುಗಿಗೂ ಅಷ್ಟೇ, ಬೇಡ ಅನ್ನುವುದನ್ನು ಮರ್ಯಾದೆಯಿಂದ, ತಡವರಿಸದೆ, ಸುಳ್ಳು ನೆಪ ಹೇಳದೆ ಅನ್ನುವುದಕ್ಕೆ ಅಭ್ಯಾಸ ಬೇಕು. ಅದಕ್ಕೆ ಡ್ಯಾನ್ಸ್ ಕ್ಲಾಸಿಗಿಂತ ಒಳ್ಳೆಯ ಜಾಗ ಇಲ್ಲ, ಯಾಕೆಂದರೆ ಅಲ್ಲಿ ಅಂಥ ದೊಡ್ಡದೇನೂ ಪಣಕ್ಕಿಲ್ಲ, ಮೂರು ನಿಮಿಷದ ಒಂದು ಹಾಡು ಅಷ್ಟೇ.

ಆ ವರ್ಷ ಮುಗಿಸಿ ನಾವು ಬಿಟ್ಟೆವು. ಮಗನನ್ನು ಆಮೇಲೆ ಬೇರೆ ಕಡೆ ಸೇರಿಸಿದೆ. ಅಲ್ಲಿ ‘ನೋ, ಥ್ಯಾಂಕ್ ಯೂ’ ಅನ್ನುವುದನ್ನೇ ಎರಡು ಸಾಲಾಗಿ ನಿಲ್ಲಿಸಿ ಪ್ರಾಕ್ಟೀಸ್ ಮಾಡಿಸುತ್ತಿದ್ದರು. ಮೊದಲು ಎಲ್ಲರೂ ಕಿಸಕ್ಕನೆ ನಕ್ಕರು, ಆಮೇಲೆ ಅದೂ ಒಂದು ಹೆಜ್ಜೆಯ ಹಾಗೆ ರೂಢಿಯಾಯಿತು. ಹುಡುಗಿಯರೂ ಹೋಗಿ ಕೇಳುವ ಸರದಿ ಇತ್ತು.

ಎರಡನೇ ತಕರಾರು, ಯಾರಿಗೆ ಕಲಿಸುತ್ತಾರೆ ಅನ್ನುವುದು. ಕೊಟಿಲಿಯನ್‌ಗೆ ಎಷ್ಟೋ ಕಡೆ ಆಹ್ವಾನ ಪತ್ರ ಬರಬೇಕು. ಮನೆಗೆ ದಪ್ಪ ಕವರಿನಲ್ಲಿ ಬರುತ್ತದೆ. ನಮ್ಮ ಭಾರತೀಯ ಅಪ್ಪ ಅಮ್ಮಂದಿರು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಮನೆಗೆ ಬಂದವರು ಕೇಳುವ ತನಕ ತೆಗೆಯುವುದಿಲ್ಲ. ನಾನೂ ಅಂಟಿಸಿದ್ದೆ, ಸುಮ್ನೆ ಯಾಕೆ ಸುಳ್ಳು ಹೇಳಲಿ. ಆದರೆ ಈ ಆಹ್ವಾನದ ಹಿಂದೆ ಒಂದು ಇತಿಹಾಸ ಇದೆ. ದಕ್ಷಿಣದ ಊರುಗಳಲ್ಲಿ ಬಹಳ ಕಾಲ ಈ ಪಟ್ಟಿಯಲ್ಲಿ ಬಿಳಿಯರ ಮಕ್ಕಳು ಮಾತ್ರ ಇರುತ್ತಿದ್ದರು, ಅದರಲ್ಲೂ ‘ಒಳ್ಳೆಯ ಮನೆತನ’ದವರು. ಹಾಗೆಂದು ಕಪ್ಪು ಜನ ಕೈಕಟ್ಟಿ ಕೂರಲಿಲ್ಲ. 1938ರಲ್ಲಿ ಫಿಲಡೆಲ್ಫಿಯಾದ ಕಪ್ಪು ತಾಯಂದಿರು ತಮ್ಮ ಮಕ್ಕಳಿಗಾಗಿ ಜ್ಯಾಕ್ ಅಂಡ್ ಜಿಲ್ ಎಂಬ ಸಂಸ್ಥೆಯನ್ನೇ ಕಟ್ಟಿದರು, ಅನೇಕ ಊರುಗಳಲ್ಲಿ ಕಪ್ಪು ಜನ ತಮ್ಮದೇ ಕೊಟಿಲಿಯನ್‌ಗಳನ್ನು ನಡೆಸಿದರು. ಇಂಗ್ಲೆಂಡಿನಲ್ಲಂತೂ ಶ್ರೀಮಂತರ ಹೆಣ್ಣುಮಕ್ಕಳನ್ನು ರಾಣಿಯ ಮುಂದೆ ಸಾಲಾಗಿ ತಂದು ಪರಿಚಯ ಮಾಡಿಸುವ ಪದ್ಧತಿ 1958ರ ತನಕ ಇತ್ತು, ಅದನ್ನು ಎರಡನೇ ಎಲಿಜಬೆತ್ ರಾಣಿಯೇ ನಿಲ್ಲಿಸಿದರು. ನಡವಳಿಕೆ ಕಲಿಸುವ ನೆಪದಲ್ಲಿ ‘ನೀವು ಬೇರೆ, ನಾವು ಬೇರೆ’ ಎಂದು ಗೆರೆ ಎಳೆಯುವ ಚಟ ಈ ವಿದ್ಯೆಗೆ ಮೊದಲಿಂದಲೂ ಇದೆ. ಬೆಂಗಳೂರಿನ ಶಿಬಿರವೂ ಅದೇ ದಾರಿ ಹಿಡಿದರೆ ನನಗೆ ಆಶ್ಚರ್ಯ ಇಲ್ಲ. ಜಾತಿ, ದುಡ್ಡು, ಇಂಗ್ಲಿಷ್ ಅಂತ ನಮ್ಮಲ್ಲಿ ಗೆರೆಗಳಿಗೇನು ಬರವೇ.

ಆದರೆ ಹೀಗೇ ಆಗಬೇಕು ಅಂತೇನಿಲ್ಲ. ನ್ಯೂಯಾರ್ಕ್‌ನಲ್ಲಿ ಪಿಯರ್ ಡುಲೇನ್ ಎಂಬ ಡ್ಯಾನ್ಸ್ ಮಾಸ್ಟರು 1994ರಲ್ಲಿ ಡ್ಯಾನ್ಸಿಂಗ್ ಕ್ಲಾಸ್‌ರೂಮ್ಸ್ ಅಂತ ಶುರು ಮಾಡಿದರು. ಅದು ನಡೆಯುವುದು ಸಾಮಾನ್ಯ ಸರ್ಕಾರಿ ಶಾಲೆಗಳಲ್ಲಿ, ಶಾಲೆಯ ಹೊತ್ತಿನಲ್ಲೇ, ಹೆಚ್ಚಾಗಿ ಐದನೇ ಕ್ಲಾಸಿನ ಮಕ್ಕಳಿಗೆ. ಹತ್ತು ವಾರ, ಇಪ್ಪತ್ತು ಪಾಠ. ಮೆರೆಂಗೆ, ಫಾಕ್ಸ್‌ಟ್ರಾಟ್, ರುಂಬಾ, ಟ್ಯಾಂಗೊ, ಸ್ವಿಂಗ್, ವಾಲ್ಟ್ಸ್. ಮುಖ್ಯವಾದ ವಿಷಯ ಏನೆಂದರೆ ಇಡೀ ಕ್ಲಾಸು ಸೇರುತ್ತದೆ. ಚೆನ್ನಾಗಿ ಕುಣಿಯುವವರನ್ನು ಆರಿಸುವುದಿಲ್ಲ, ಆಹ್ವಾನ ಇಲ್ಲ, ಕೋಟು ಟೈ ಇಲ್ಲ. ಟ್ಯಾಕ್ಸಿ ಓಡಿಸುವವರ ಮಗಳೂ ಬರುತ್ತಾಳೆ, ಈ ದೇಶಕ್ಕೆ ಮೊನ್ನೆ ಬಂದು ಇಂಗ್ಲಿಷ್ ಇನ್ನೂ ಬಾರದ ಹುಡುಗನೂ ಬರುತ್ತಾನೆ. ಎಡಗಾಲು ಮುಂದೆ ಇಡುವುದಕ್ಕೆ ಇಂಗ್ಲಿಷ್ ಬೇಕಿಲ್ಲ.

ಡುಲೇನ್ ಅವರ ಕಥೆಯೂ ಹೇಳಬೇಕಾದದ್ದೇ. ಹುಟ್ಟಿದ್ದು 1944ರಲ್ಲಿ, ಈಗ ಇಸ್ರೇಲಿನಲ್ಲಿರುವ ಜಾಫಾದಲ್ಲಿ. ತಾಯಿ ಪ್ಯಾಲೆಸ್ಟೀನಿನವರು, ತಂದೆ ಐರ್ಲೆಂಡಿನವರು. 1948ರಲ್ಲಿ, ಇಸ್ರೇಲ್ ಹುಟ್ಟಿದ ಹೊತ್ತಿನ ಯುದ್ಧದಲ್ಲಿ, ಕುಟುಂಬ ಊರು ಬಿಟ್ಟು ಓಡಬೇಕಾಯಿತು. ಜಗತ್ತೆಲ್ಲ ಸುತ್ತಿ, ಚಾಂಪಿಯನ್ ಆಗಿ, ನ್ಯೂಯಾರ್ಕ್‌ನ ಮಕ್ಕಳಿಗೆ ಕಲಿಸಿ, ಅರವತ್ತು ದಾಟಿದ ಮೇಲೆ ಅವರು ಮತ್ತೆ ಜಾಫಾಕ್ಕೆ ಹೋದರು. ಅಲ್ಲಿನ ಯಹೂದಿ ಮಕ್ಕಳು ಮತ್ತು ಪ್ಯಾಲೆಸ್ಟೀನಿ ಅರಬ್ ಮಕ್ಕಳನ್ನು ಜೋಡಿ ಮಾಡಿ ಕಲಿಸಿದರು. ನಿಮ್ಮ ಓದುಗರ ಪತ್ರದಲ್ಲಿದ್ದ ಮಾತನ್ನೇ ಅಲ್ಲಿನ ಎಷ್ಟೋ ಮನೆಯವರೂ ಹೇಳಿದರು. ಹುಡುಗ ಹುಡುಗಿ ಕೈ ಹಿಡಿಯುವುದು ನಮ್ಮ ಧರ್ಮಕ್ಕೆ ಒಗ್ಗುವುದಿಲ್ಲ ಅಂತ. ಅಲ್ಲಿ ಅದರ ಮೇಲೆ ಇನ್ನೊಂದು ಗೋಡೆಯೂ ಇತ್ತು, ಹೇಳಬೇಕಾಗಿಲ್ಲ. ಆದರೂ ಮಕ್ಕಳು ಕುಣಿದರು. ಅದರಿಂದ ಆ ಊರಿನ ಜಗಳ ತೀರಿತು ಅಂತ ನಾನು ಹೇಳುತ್ತಿಲ್ಲ, ಜಗಳ ಎಲ್ಲಿಗೆ ಹೋಯಿತು ಅಂತ ದಿನಾ ನೋಡುತ್ತಿದ್ದೇವಲ್ಲ. ಶತ್ರುಗಳ ಮನೆಯ ಮಗುವಿನ ಮುಖ ನೋಡಿ, ಹೆಸರು ಕೇಳಿ, ಅದರ ಕಾಲು ತುಳಿಯದ ಹಾಗೆ ಹೆಜ್ಜೆ ಇಡುವುದು ಆ ಮಕ್ಕಳಿಗೆ ಸಾಧ್ಯವಾಯಿತು ಅಂತಷ್ಟೇ ಹೇಳುತ್ತಿದ್ದೇನೆ.

‘ನಮ್ಮ ಸಂಸ್ಕೃತಿಯಲ್ಲಿ ಇಲ್ಲದ್ದು’ ಅನ್ನುವ ಮಾತಿಗೂ ಒಂದು ಸಣ್ಣ ಉತ್ತರ. ಕರ್ನಾಟಕ ಅಂದರೆ ಎಲ್ಲರೂ ಸೇರಿ ಅಲ್ವಾ? ಕೋಲಾರ ಚಿನ್ನದ ಗಣಿಯ ಆಂಗ್ಲೋ ಇಂಡಿಯನ್ ಕುಟುಂಬಗಳನ್ನು ಕೇಳಿ. ಗಣಿ 2001ರಲ್ಲಿ ಮುಚ್ಚಿತು, ಆದರೆ ಕ್ರಿಸ್‌ಮಸ್ ಡ್ಯಾನ್ಸಿನ ನೆನಪು ಅಲ್ಲಿನ ಹಿರಿಯರಿಗೆ ಇನ್ನೂ ಇದೆ. ಮಂಗಳೂರಿನ ಕ್ಯಾಥೊಲಿಕ್ ಮದುವೆಗೆ ಹೋಗಿ ನೋಡಿ. ಮೊದಲ ದಿನ ರೋಸ್ ಅಂತ ತೆಂಗಿನ ಹಾಲು ಹಚ್ಚುವ ಶಾಸ್ತ್ರ, ಮದುವೆಯ ಸಂಜೆ ಮದುಮಕ್ಕಳ ವಾಲ್ಟ್ಸ್, ಆಮೇಲೆ ಅತ್ತೆ ಮಾವಂದಿರೂ ಜೈವ್ ಕುಣಿಯುತ್ತಾರೆ. ಎರಡನ್ನೂ ಅದೇ ಮನೆಯವರು ಮಾಡುತ್ತಾರೆ, ಯಾವುದೂ ಯಾವುದಕ್ಕೂ ಅಡ್ಡ ಬಂದಿಲ್ಲ.

ನಮ್ಮ ಸರ್ಕಾರಿ ಶಾಲೆಯ ಯಾವುದಾದರೂ ಪಿ.ಟಿ. ಮೇಷ್ಟ್ರು ಇದನ್ನು ಓದುತ್ತಿದ್ದರೆ ಒಂದು ಮಾತು. ವಾಲ್ಟ್ಸೇ ಆಗಬೇಕು ಅಂತ ನನಗೇನೂ ಹಟ ಇಲ್ಲ. ಕೋಲಾಟದಲ್ಲೂ ಜೋಡಿ ಬದಲಾಗುತ್ತದೆ, ಎದುರಿಗಿರುವವರ ಕಣ್ಣು ನೋಡದೆ ಕೋಲು ಹೊಡೆದರೆ ಬೆರಳಿಗೆ ಬೀಳುತ್ತದೆ. ಹುಡುಗ ಹುಡುಗಿಯರನ್ನು ಬೇರೆ ಬೇರೆ ಗುಂಪು ಮಾಡದೆ ಅದನ್ನೇ ಆಡಿಸಿ, ಶುರುವಿಗೆ ‘ನನ್ನ ಜೊತೆ ಆಡ್ತೀಯಾ’ ಅಂತ ಕೇಳುವುದನ್ನೂ ‘ಈ ಸಲ ಬೇಡ’ ಅನ್ನುವುದನ್ನೂ ಸೇರಿಸಿ ನೋಡಿ. ಬೇಕಾದದ್ದು ಒಂದು ಹಾಲು ಅಥವಾ ಅಂಗಳ, ಒಂದು ಸ್ಪೀಕರು, ಅಷ್ಟೇ.

ಇನ್ನು ದುಡ್ಡು ಕೊಟ್ಟು ಶಿಬಿರಕ್ಕೆ ಕಳಿಸುವ ಅಪ್ಪ ಅಮ್ಮಂದಿರು, ಕಳಿಸಿ, ನಾನು ಬೇಡ ಅನ್ನುವುದಿಲ್ಲ. ಆದರೆ ಫೀಸು ಕಟ್ಟುವ ಮುಂಚೆ ಅಲ್ಲಿನವರನ್ನು, ಮಗು ಯಾರ ಜೊತೆಗಾದರೂ ಕುಣಿಯಲು ಒಲ್ಲೆ ಅಂದರೆ ನೀವು ಏನು ಮಾಡುತ್ತೀರಿ ಅಂತ ಕೇಳಿ. ‘ಹಾಗೆಲ್ಲ ಅನ್ನಬಾರದು ಅಂತ ಹೇಳಿಕೊಡುತ್ತೇವೆ’ ಅಂದರೆ ಆ ದುಡ್ಡನ್ನು ಈಜು ಕಲಿಸೋದಕ್ಕೆ ಕೊಡಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ಕ್ಯಾರಿ, ನಾರ್ತ್ ಕ್ಯಾರೊಲಿನಾ